ಶಾಲಾ ಸಭಾಂಗಣದಲ್ಲಿ ಧ್ವನಿಮಿಶ್ರಕದ ಆಯ್ಕೆ

ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗಾಯಕವಾದಕರ ಸಮೂಹವನ್ನು ವೃಂದವೆಂದು ಕರೆದು, ಅದನ್ನು ಉತ್ತಮ, ಮಧ್ಯಮ, ಕನಿಷ್ಠವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮುಖ್ಯ ಗಾಯಕರೆಷ್ಟು, ಜೊತೆಗೂಡಿ ಹಾಡುವವರೆಷ್ಟು, ಕೊಳಲಿನವರೆಷ್ಟು, ಮೃದಂಗದವರೆಷ್ಟು ಎಂಬ ಎಣಿಕೆಯಿಂದಲೇ ಆ ವಿಂಗಡಣೆ ನಡೆಯುತ್ತದೆ. ಧ್ವನಿವರ್ಧಕವೆಂಬ ವಸ್ತುವಿನ ಕಲ್ಪನೆಯೂ ಇಲ್ಲದಿದ್ದ ಆ ಕಾಲದಲ್ಲಿ ಒಂದು ಕಂಠ ಇನ್ನೊಂದನ್ನು ಮುಳುಗಿಸದಂತೆ, ವಾದ್ಯವು ಗಾಯನವನ್ನು ನುಂಗದಂತೆ ನೋಡಿಕೊಳ್ಳುವ ಹೊಣೆಯೆಲ್ಲ ಈ ಎಣಿಕೆಯ ಮೇಲೆ, ಕುಳಿತುಕೊಳ್ಳುವ ಕ್ರಮದ ಮೇಲೆ ನಿಂತಿತ್ತು. ಇಂದು ಆ ಹೊಣೆಯ ಬಹುಭಾಗ ವೇದಿಕೆಯ ಪಕ್ಕದಲ್ಲಿ ಗುಂಡಿಗಳಿಂದ ತುಂಬಿರುವ ಒಂದು ಯಂತ್ರದ ಪಾಲಿಗೆ ಬಂದಿದೆ. ಲೋಕರೂಢಿಯಲ್ಲಿ ಅದನ್ನು ಮಿಕ್ಸರ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಚಟ್ನಿ ಅರೆಯುವ ಯಂತ್ರಕ್ಕೂ ಅದೇ ಹೆಸರಿರುವುದರಿಂದ ಇದನ್ನು ಧ್ವನಿಮಿಶ್ರಕವೆಂದು ಕರೆಯುವುದು ಉಚಿತ. ಹೆಸರು ಒಂದೇ ಆದರೂ ಎರಡರ ಧರ್ಮ ಬೇರೆ. ಅಡುಗೆಮನೆಯ ಯಂತ್ರ ಎಲ್ಲವನ್ನೂ ಒಂದಾಗಿ ಅರೆದರೆ ಅದಕ್ಕೆ ಮೆಚ್ಚುಗೆ; ಸಭಾಂಗಣದ ಯಂತ್ರ ಎಲ್ಲವನ್ನೂ ಒಂದಾಗಿ ಅರೆದುಬಿಟ್ಟರೆ ಅನರ್ಥ.

ಯಲಹಂಕಕ್ಕೆ ಅಂಟಿಕೊಂಡಿರುವ ಕೋಗಿಲು ಎಂಬ ಊರಿನ ಹೆಸರು ಕಿವಿಗೆ ಬಿದ್ದೊಡನೆ ಕೋಗಿಲೆಯ ನೆನಪಾಗುವುದು ಸಹಜ. ಹೆಸರಿನ ನಿಷ್ಪತ್ತಿ ಏನೇ ಇರಲಿ, ಇಂದು ಅಲ್ಲಿ ಕೋಗಿಲೆಯ ದನಿ ಕೇಳಬೇಕಾದರೆ ಕಿವಿಗೊಟ್ಟು ಆಲಿಸಬೇಕು. ಒಂದು ಕಡೆ ಬಳ್ಳಾರಿ ರಸ್ತೆಯ ವಾಹನಗಳ ಸಾಲು; 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಪ್ರಾರಂಭವಾದ ಮೇಲೆ ಆ ಸಾಲಿಗೆ ವಿರಾಮವೆಂಬುದೇ ಇಲ್ಲ. ಇನ್ನೊಂದು ಕಡೆ ಯಲಹಂಕದ ವಾಯುನೆಲೆ. 1996ರಿಂದ ಅಲ್ಲಿ ನಡೆದುಬಂದಿರುವ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಆಕಾಶವೇ ಗುಡುಗುತ್ತದೆ. ಇಂಥ ನೆರೆಹೊರೆಯ ಶಾಲೆಯೊಂದರಲ್ಲಿ ವಾರ್ಷಿಕೋತ್ಸವ ನಡೆಯುವಾಗ ಮಕ್ಕಳ ವಚನಗಾಯನ, ನಾಟಕ, ಅತಿಥಿಗಳ ಭಾಷಣ ಎಲ್ಲವೂ ಹಿಂದಿನ ಸಾಲಿನ ಬೆಂಚಿನವರೆಗೆ ತಲುಪಬೇಕಾದರೆ ಒಳ್ಳೆಯ ಧ್ವನಿವ್ಯವಸ್ಥೆ ಬೇಕೇ ಬೇಕು. ಇದನ್ನರಿತ ದಾನಿಗಳು ಧ್ವನಿಮಿಶ್ರಕವನ್ನು ಕೊಡಿಸಲು ಮುಂದೆ ಬರುವುದುಂಟು. ಅದು ಅತ್ಯಂತ ಶ್ಲಾಘನೀಯ. ಆದರೆ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ, ಸಾಮಾನ್ಯವಾಗಿ ಗುಂಡಿಗಳು ಹೆಚ್ಚಿರುವುದನ್ನೋ, ದೀಪಗಳು ಮಿನುಗುವುದನ್ನೋ, ಅಂಗಡಿಯವನು ಹೊಗಳಿದ್ದನ್ನೋ ಆರಿಸಿ ತರಲಾಗುತ್ತದೆ. ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದ ರೀತಿಯೇ ಬೇರೆ ಎಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಮೊದಲು ಯಂತ್ರದ ಕೆಲಸವನ್ನು ತಿಳಿಯಬೇಕು. ಕೆರೆ, ತೂಬು, ಕಾಲುವೆಗಳ ಪರಿಚಯವಿರುವವರಿಗೆ ಇದು ಕಷ್ಟವಲ್ಲ. ಒಂದೊಂದು ಮೈಕಿನಿಂದ ಒಂದೊಂದು ಕಾಲುವೆ ಹರಿದುಬರುತ್ತದೆ. ಕಾಲುವೆಯ ತಲೆಯಲ್ಲಿ ಗೇನ್ ಎಂಬ ಗುಂಡಿಯಿದೆ. ಮೈಕಿನಿಂದ ಬರುವ ಅತಿ ಕ್ಷೀಣವಾದ ವಿದ್ಯುತ್ತನ್ನು ಬಳಕೆಗೆ ಬರುವ ಮಟ್ಟಕ್ಕೆ ಏರಿಸುವುದು ಅದರ ಕೆಲಸ. ನಡುವೆ ದನಿಯ ಮಂದ್ರ, ಮಧ್ಯ, ತಾರ ಭಾಗಗಳನ್ನು ತಿದ್ದುವ ಗುಂಡಿಗಳಿವೆ. ಕೊನೆಯಲ್ಲಿ ಮೇಲೆ ಕೆಳಗೆ ಸರಿಯುವ ತೂಬಿದೆ. ಅದಕ್ಕೆ ಫೇಡರ್ ಎಂದು ಹೆಸರು. ಎಲ್ಲ ಕಾಲುವೆಗಳೂ ಕೂಡಿ ದೊಡ್ಡ ಹೊಳೆಯಾಗಿ ಧ್ವನಿವರ್ಧಕಕ್ಕೆ ಹರಿಯುತ್ತವೆ. ಈ ಹರಿವು ಮೊದಲಿನಿಂದ ಕೊನೆಯವರೆಗೆ ವಿದ್ಯುತ್ತಿನ ಅಲೆಯಾಗಿಯೇ ಸಾಗಿದರೆ ಅದು ಅನಲಾಗ್ ಮಿಶ್ರಕ. ಅಲೆಯನ್ನು ಅಂಕಿಗಳಾಗಿ ಮಾರ್ಪಡಿಸಿ ಗಣಕದ ಕ್ರಮದಲ್ಲಿ ಸಂಸ್ಕರಿಸಿದರೆ ಅದು ಡಿಜಿಟಲ್ ಮಿಶ್ರಕ.

ಇಷ್ಟು ಸರಳವಾದ ಯಂತ್ರಕ್ಕೆ ಶಾಲೆಯಲ್ಲಿ ಒಂದಲ್ಲ, ಎರಡು ಕರ್ತವ್ಯಗಳಿವೆ. ಇಂದು ಎದುರಿಗೆ ಕುಳಿತ ಸಭೆಗೆ ಕೇಳಿಸುವುದು ಒಂದು. ನಾಳೆ ಕೇಳುವವರಿಗಾಗಿ ಉಳಿಸುವುದು ಇನ್ನೊಂದು. ಮೊದಲನೆಯದು ಚೆನ್ನಾಗಿ ನಡೆದರೆ ಎರಡನೆಯದು ತಾನಾಗಿ ಆಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಚಿಕ್ಕ ಸಭಾಂಗಣದಲ್ಲಿ ತಬಲದ ನಾದ ಯಾವ ಯಂತ್ರದ ನೆರವೂ ಇಲ್ಲದೆ ಗೋಡೆಯಿಂದ ಗೋಡೆಗೆ ತುಂಬಿಕೊಳ್ಳುತ್ತದೆ. ಆದುದರಿಂದ ಜಾಣನಾದ ನಿರ್ವಾಹಕ ತಬಲದ ತೂಬನ್ನು ಬಹುತೇಕ ಮುಚ್ಚಿ, ಹಾಡುವ ಹುಡುಗಿಯ ತೂಬನ್ನು ತೆರೆದಿಡುತ್ತಾನೆ. ಸಭೆಗೆ ಎರಡೂ ಹಿತವಾಗಿ ಕೇಳುತ್ತವೆ. ಆದರೆ ಅದೇ ಹೊಳೆಯಿಂದ ಒಂದು ಕವಲನ್ನು ತೆಗೆದು ಮುದ್ರಿಸಿಕೊಂಡರೆ, ಮುದ್ರಣದಲ್ಲಿ ತಬಲವೇ ಇರುವುದಿಲ್ಲ! ಹುಡುಗಿಯೊಬ್ಬಳೇ ಶೂನ್ಯದಲ್ಲಿ ಹಾಡಿದಂತೆ ಕೇಳುತ್ತದೆ. ಸಭೆಗಾಗಿ ಮಾಡಿದ ಮಿಶ್ರಣ ಸಭೆಗೆ ಮಾತ್ರ ಸತ್ಯ. ನಿರ್ವಾಹಕ ಅನನುಭವಿಯಾಗಿದ್ದರೆ ಇದರ ವಿಪರ್ಯಾಸವೂ ಸಂಭವಿಸುತ್ತದೆ: ಹಾರ್ಮೋನಿಯಂ ಬೊಬ್ಬಿಡುತ್ತದೆ, ಕಂಠ ತಳದಲ್ಲೆಲ್ಲೋ ಮುಳುಗುತ್ತದೆ. ಒಮ್ಮೆ ಬೆರೆತುಹೋದ ಮೇಲೆ ಹಾಲಿನಿಂದ ನೀರನ್ನು ಬೇರ್ಪಡಿಸಲು ಹಂಸವೇ ಬರಬೇಕು.

ಇದಕ್ಕೆ ಪರಿಹಾರ ಒಂದೇ. ಕಾಲುವೆಗಳು ಕೂಡುವ ಮೊದಲೇ ಒಂದೊಂದರಿಂದಲೂ ಒಂದೊಂದು ಬೊಗಸೆಯನ್ನು ತೆಗೆದು ಬೇರೆಬೇರೆಯಾಗಿ ಇರಿಸಿಕೊಳ್ಳಬೇಕು. ಇದೇ ಮಲ್ಟಿಟ್ರ್ಯಾಕ್, ಎಂದರೆ ಬಹುಪಥ ಮುದ್ರಣ. ತಬಲ ಒಂದು ಪಥದಲ್ಲಿ, ಕಂಠ ಒಂದು ಪಥದಲ್ಲಿ, ಕೊಳಲು ಮತ್ತೊಂದರಲ್ಲಿ. ಉತ್ಸವದ ಗದ್ದಲ ಮುಗಿದ ಮೇಲೆ, ಶಾಂತವಾದ ಕೋಣೆಯಲ್ಲಿ ಕುಳಿತು, ಹತ್ತು ಸಲ ಕೇಳಿ, ಅವನ್ನು ಹದವಾಗಿ ಬೆರೆಸಬಹುದು. ಇಂದಿನ ಬೆರಕೆ ಸರಿಯೆನಿಸದಿದ್ದರೆ ಹತ್ತು ವರ್ಷಗಳ ಮೇಲೆ ಇನ್ನೊಬ್ಬನು ಮತ್ತೆ ಬೆರೆಸಬಹುದು. ಮೂಲ ಹಾಗೆಯೇ ಉಳಿದಿರುತ್ತದೆ.

ಈ ಅನುಕೂಲ ಹಿಂದಿನವರಿಗೆ ಇರಲಿಲ್ಲ. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಎಚ್‌ಎಂವಿ ಸಂಸ್ಥೆಯು ತಟ್ಟೆಗಳಲ್ಲಿ ಮುದ್ರಿಸಿಕೊಂಡಿತು. ಅಂದಿನ 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷಗಳಷ್ಟೇ ಅವಕಾಶ. ಗಾಯಕ ಎಲ್ಲಿ ಕೂರಬೇಕು, ತಬಲ ಎಷ್ಟು ದೂರವಿರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ, ಆದ ತಪ್ಪು ಮೇಣದ ಮೇಲೆ ಶಾಶ್ವತವಾಗುತ್ತಿತ್ತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ನಡೆಸಿದಾಗಲೂ, 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ತೆರೆದಾಗಲೂ ಕಲಾವಿದನ ಕಂಠ ಕೇಳುಗನನ್ನು ತಲುಪಿದ್ದು ಆ ಕ್ಷಣದ ಮಿಶ್ರಣದಲ್ಲಿಯೇ. ಅತ್ತ ಅಮೆರಿಕದಲ್ಲಿ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಸಂಸ್ಥೆಯಿಂದ ಎಂಟು ಪಥಗಳ ಟೇಪ್ ಯಂತ್ರವನ್ನು ಪಡೆದುದು ಬಹುಪಥ ಮುದ್ರಣದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಇಂಗ್ಲೆಂಡಿನ ಬೀಟಲ್ಸ್ ತಂಡದ 1967ರ ಪ್ರಖ್ಯಾತ ಧ್ವನಿಮುದ್ರಿಕೆಯು ನಾಲ್ಕು ಪಥಗಳ ಯಂತ್ರಗಳಲ್ಲಿ ಸಿದ್ಧವಾಯಿತು. 1979ರಲ್ಲಿ ಟ್ಯಾಸ್ಕಾಮ್ ಸಂಸ್ಥೆ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಥಗಳನ್ನು ಮುದ್ರಿಸುವ, ಮಿಶ್ರಕವೂ ಒಳಗೇ ಅಡಕವಾಗಿರುವ ಪೋರ್ಟಸ್ಟುಡಿಯೋ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಅದಕ್ಕೆ ಒಂದು ವರ್ಷ ಮೊದಲು, 1978ರಲ್ಲಿ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ‘ನಿತ್ಯೋತ್ಸವ’ ಬಂದಿತ್ತು. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಮನೆಮನೆಗೆ ಹೋದವು. ಧ್ವನಿಮುದ್ರಣವೆಂಬುದು ದೊಡ್ಡ ಸಂಸ್ಥೆಗಳ ಸ್ವತ್ತಾಗಿದ್ದ ಕಾಲ ಮುಗಿದು, ಸಾಮಾನ್ಯರ ಕೈಗೆ ಬಂದ ಕಾಲವದು. ಇಂದು ಒಂದು ಪ್ರೌಢಶಾಲೆಯ ಶಕ್ತಿಗೂ ಹದಿನಾರು ಪಥಗಳ ಮುದ್ರಣ ಮೀರಿದ್ದಲ್ಲ. ಹೀಗಿರುವಲ್ಲಿ ಅದನ್ನು ಬಿಟ್ಟು ಬರಿಯ ಸದ್ದು ಮಾಡುವ ಯಂತ್ರವನ್ನು ತಂದರೆ ಹಣವೂ ವ್ಯರ್ಥ, ಅವಕಾಶವೂ ವ್ಯರ್ಥ.

ಕೊಳ್ಳುವವರು ಮೋಸಹೋಗುವ ಮೊದಲ ಸ್ಥಳವೂ ಇದೇ. ಇಂದಿನ ಬಹುಪಾಲು ಅನಲಾಗ್ ಮಿಶ್ರಕಗಳ ಮೇಲೆ ಯುಎಸ್‌ಬಿ ಎಂಬ ಅಕ್ಷರಗಳಿರುತ್ತವೆ. ಗಣಕಕ್ಕೆ ಜೋಡಿಸಿ ಮುದ್ರಿಸಿಕೊಳ್ಳಬಹುದು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆ ಮಾತು ಸುಳ್ಳಲ್ಲ, ಅರ್ಧಸತ್ಯ. ಅವುಗಳಲ್ಲಿ ಅನೇಕವು ಗಣಕಕ್ಕೆ ಕಳುಹಿಸುವುದು ಎಡ, ಬಲ ಎಂಬ ಎರಡೇ ಪಥಗಳನ್ನು, ಎಂದರೆ ಈಗಾಗಲೇ ಬೆರೆತ ಹೊಳೆಯನ್ನು. ಹೊರಗಿನಿಂದ ನೋಡಲು ಇಪ್ಪತ್ತು ಕಾಲುವೆಗಳ ಯಂತ್ರ. ಉಳಿಯುವುದು ಎರಡೇ ಪಥ. ಆದಕಾರಣ ಕೇಳಬೇಕಾದ ಪ್ರಶ್ನೆ ‘ಯುಎಸ್‌ಬಿ ಇದೆಯೆ?’ ಎಂಬುದಲ್ಲ, ‘ಏಕಕಾಲದಲ್ಲಿ ಎಷ್ಟು ಪಥಗಳನ್ನು ಬೇರೆಬೇರೆಯಾಗಿ ಹೊರಕ್ಕೆ ಕೊಡುತ್ತದೆ?’ ಎಂಬುದು. ಸೌಂಡ್‌ಕ್ರಾಫ್ಟ್ ಸಂಸ್ಥೆ ಹೊರತಂದ ಸಿಗ್ನೇಚರ್ 22 ಎಂಟಿಕೆ ಎಂಬ ಅನಲಾಗ್ ಮಿಶ್ರಕವು 24 ಪಥಗಳನ್ನು ಏಕಕಾಲದಲ್ಲಿ ಗಣಕಕ್ಕೆ ಕಳುಹಿಸಿ, 22 ಪಥಗಳನ್ನು ಹಿಂದಕ್ಕೆ ಪಡೆಯಬಲ್ಲದು. ಟ್ಯಾಸ್ಕಾಮ್ ಸಂಸ್ಥೆಯ ಮಾಡೆಲ್ 24 ಎಂಬುದರಲ್ಲಿ ಗಣಕವೇ ಬೇಡ. 22 ಕಾಲುವೆಗಳನ್ನೂ, ಬೆರೆತ ಎಡಬಲಗಳನ್ನೂ ಸೇರಿಸಿ 24 ಪಥಗಳನ್ನು ಬೆರಳುಗುರಿನಷ್ಟು ಚಿಕ್ಕದಾದ ಎಸ್‌ಡಿ ಕಾರ್ಡಿನ ಮೇಲೆ ತಾನೇ ಬರೆದುಕೊಳ್ಳುತ್ತದೆ. ಇವು ಉದಾಹರಣೆಗಳು ಮಾತ್ರ. ಮಾದರಿಗಳು ಬರುತ್ತವೆ, ಹೋಗುತ್ತವೆ, ಪ್ರಶ್ನೆ ಉಳಿಯುತ್ತದೆ. ಉತ್ಸವದ ಗಡಿಬಿಡಿಯಲ್ಲಿ ಗಣಕವನ್ನು ನಂಬಲಾಗದ ಶಾಲೆಗೆ ಎರಡನೆಯ ಬಗೆ ಹೆಚ್ಚು ಕ್ಷೇಮಕರ.

ಎರಡನೆಯದಾಗಿ ಕಾಲುವೆಗಳ ಎಣಿಕೆ. ಇಲ್ಲಿ ಶಾರ್ಙ್ಗದೇವನ ಕ್ರಮವೇ ಸರಿ: ಮೊದಲು ವೃಂದವನ್ನು ಎಣಿಸಬೇಕು, ಆಮೇಲೆ ಯಂತ್ರವನ್ನು ನೋಡಬೇಕು. ಒಂದು ವಚನಗಾಯನದ ತಂಡವನ್ನು ತೆಗೆದುಕೊಳ್ಳಬಹುದು. ಮುಖ್ಯ ಗಾಯಕರಿಗೆ ಒಂದು ಮೈಕು, ಜೊತೆಹಾಡುವವರಿಗೆ ಎರಡು, ಹಾರ್ಮೋನಿಯಮ್ಮಿಗೆ ಒಂದು, ತಬಲದ ಬಲಕ್ಕೂ ಎಡಕ್ಕೂ ಸೇರಿ ಎರಡು, ಕೊಳಲಿಗೊಂದು, ತಂಬೂರಿಗೊಂದು: ಒಟ್ಟು ಎಂಟು. ಭಾಷಣದ ಪೀಠಕ್ಕೆ ಒಂದು, ನಿರೂಪಕರಿಗೆ ಒಂದು: ಹತ್ತು. ಒಂದು ಕೆಟ್ಟರೆ ಬದಲಿಗೆಂದು ಎರಡು: ಹನ್ನೆರಡು. ಹಾಗಾದರೆ ‘ಹನ್ನೆರಡು’ ಎಂದು ಹೆಸರಿರುವ ಯಂತ್ರ ಸಾಕಲ್ಲವೆ ಎನ್ನಬಹುದು. ಸಾಲದು. ಹೆಸರಿನ ಸಂಖ್ಯೆಯಲ್ಲಿ ಕ್ಯಾಸೆಟ್ಟು, ದೂರವಾಣಿ ಮುಂತಾದವುಗಳಿಂದ ಹಾಡು ನುಡಿಸಲು ಇಟ್ಟಿರುವ ಜೋಡಿ ಕಾಲುವೆಗಳೂ ಸೇರಿರುತ್ತವೆ; ಮೈಕನ್ನು ಚುಚ್ಚುವ ತೂತುಗಳು ಅದಕ್ಕಿಂತ ಕಡಿಮೆ. ಮೇಲೆ ಹೇಳಿದ 22ರ, 24ರ ಎರಡು ಯಂತ್ರಗಳಲ್ಲಿಯೂ ಮೈಕಿನ ತೂತುಗಳು ಹದಿನಾರೇ. ಆದುದರಿಂದ ಮೇಲಣ ಬರಹವನ್ನು ಓದದೆ, ಹಿಂಬದಿಯ ತೂತುಗಳನ್ನು ಬೆರಳಿಟ್ಟು ಎಣಿಸುವುದೇ ವಿವೇಕ. ಶಾಲೆಯೊಂದಕ್ಕೆ ಹದಿನಾರು ಮೈಕುಗಳ ಯಂತ್ರ ಸಾಕು. ಅದಕ್ಕಿಂತ ದೊಡ್ಡದು ಆಡಂಬರ, ಎಂಟರದು ಇಕ್ಕಟ್ಟು.

ಮೂರನೆಯದು ಸೂಕ್ಷ್ಮವಾದರೂ ಮುಖ್ಯ. ಮುದ್ರಣಕ್ಕೆ ಹೋಗುವ ಬೊಗಸೆಯನ್ನು ಫೇಡರಿಗಿಂತ ಮೊದಲು ತೆಗೆಯಲಾಗುತ್ತದೆಯೋ, ಅನಂತರವೋ ಎಂದು ವಿಚಾರಿಸಬೇಕು. ಅನಂತರ ತೆಗೆದರೆ ಸಭೆಗಾಗಿ ತೂಬನ್ನು ಮುಚ್ಚಿದಾಗಲೆಲ್ಲ ಮುದ್ರಣವೂ ಕುಗ್ಗುತ್ತದೆ. ಎಲ್ಲ ಶ್ರಮವೂ ಮಣ್ಣುಪಾಲು. ಮೊದಲು ತೆಗೆದರೆ ನಿರ್ವಾಹಕ ಸಭೆಗೆ ಏನು ಬೇಕಾದರೂ ಮಾಡಿಕೊಳ್ಳಲಿ, ಮುದ್ರಣ ಶುದ್ಧವಾಗಿರುತ್ತದೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲೆಂದು ವೇದಿಕೆಯ ಮೇಲಿಡುವ ಪೆಟ್ಟಿಗೆಗಳಿಗೆ ಹೋಗುವ ಕವಲುಗಳಿಗೂ ಇದೇ ನಿಯಮ. ಅಂಥ ಕವಲುಗಳು ಕನಿಷ್ಠ ಎರಡಾದರೂ ಇರಬೇಕು. ಗಾಯಕಿಗೆ ಬೇಕಾದುದು ಒಂದು, ತಬಲದವನಿಗೆ ಬೇಕಾದುದು ಇನ್ನೊಂದು. ತನ್ನ ದನಿ ತನಗೆ ಕೇಳದ ಮಗು ಕಿರುಚುತ್ತದೆ, ಶ್ರುತಿ ತಪ್ಪುತ್ತದೆ. ಆಗ ಮಗುವನ್ನು ಗದರುವುದು ನ್ಯಾಯವಲ್ಲ.

ಇಷ್ಟಾದ ಮೇಲೆ ಅನಲಾಗೋ ಡಿಜಿಟಲೋ ಎಂಬ ವಾದ. ಡಿಜಿಟಲ್ ಮಿಶ್ರಕದ ಪಕ್ಷದಲ್ಲಿ ಹೇಳಬೇಕಾದುದು ಸಾಕಷ್ಟಿದೆ. ಕಳೆದ ವರ್ಷದ ಉತ್ಸವದ ಎಲ್ಲ ಹೊಂದಿಕೆಗಳನ್ನೂ ಅದು ನೆನಪಿಟ್ಟುಕೊಂಡು ಒಂದು ಗುಂಡಿಗೆ ಮರಳಿಸುತ್ತದೆ. ಪ್ರತಿಯೊಂದು ಕಾಲುವೆಗೂ ಸೂಕ್ಷ್ಮವಾದ ತಿದ್ದುಪಡಿಯ ಸಾಧನಗಳಿರುತ್ತವೆ; ಕೀರಲು ಕೂಗನ್ನು ಅಡಗಿಸುವ ಉಪಾಯಗಳೂ ಹೆಚ್ಚು. ವೃತ್ತಿನಿರತ ನಿರ್ವಾಹಕನಿಗೆ ಅದೇ ಮೇಲು. ಆದರೆ ಶಾಲೆಯಲ್ಲಿ ವೃತ್ತಿನಿರತ ನಿರ್ವಾಹಕನೆಲ್ಲಿ? ಕೆಲವು ಕಡೆ ವಿಜ್ಞಾನದ ಮೇಷ್ಟರು, ಕೆಲವು ಕಡೆ ದೈಹಿಕ ಶಿಕ್ಷಕರು, ಬಹಳ ಕಡೆ ಒಂಬತ್ತನೆಯ ತರಗತಿಯ ಚುರುಕು ಹುಡುಗ. ಡಿಜಿಟಲ್ ಯಂತ್ರದಲ್ಲಿ ಒಂದೇ ಗುಂಡಿ ಪುಟ ತಿರುಗಿದಂತೆ ಬೇರೆಬೇರೆ ಕೆಲಸ ಮಾಡುತ್ತದೆ. ಬೇಕಾದುದು ಯಾವ ಪುಟದಲ್ಲಿದೆಯೆಂದು ಹುಡುಕುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಅನಲಾಗ್ ಯಂತ್ರದಲ್ಲಿ ಒಂದು ಗುಂಡಿಗೆ ಒಂದೇ ಕೆಲಸ, ಒಂದು ಕೆಲಸಕ್ಕೆ ಒಂದೇ ಗುಂಡಿ. ಎಲ್ಲವೂ ಕಣ್ಣೆದುರಿಗೆ ಬಯಲಾಗಿರುತ್ತದೆ. ಕಲಿಸುವುದು ಸುಲಭ, ತಪ್ಪನ್ನು ಕಂಡುಹಿಡಿಯುವುದು ಸುಲಭ. ಒಂದು ಕಾಲುವೆ ಕೆಟ್ಟರೆ ಉಳಿದವು ಸಾಮಾನ್ಯವಾಗಿ ನಡೆಯುತ್ತಿರುತ್ತವೆ. ಶಾಲೆಯೆಂಬುದು ಕಲಿಯುವ ಸ್ಥಳವಾದುದರಿಂದ ಕಲಿಸಬಲ್ಲ ಯಂತ್ರವೇ ಅದಕ್ಕೆ ಯೋಗ್ಯ. ಆದುದರಿಂದ ಬಹುಪಥ ಮುದ್ರಣವಿರುವ ಅನಲಾಗ್ ಮಿಶ್ರಕವೇ ಶಾಲೆಗೆ ಸರಿಯಾದುದೆಂದು ಧೈರ್ಯವಾಗಿ ಹೇಳಬಹುದು.

ಆದರೆ ದೊರೆತ ಹಣವನ್ನೆಲ್ಲ ಮಿಶ್ರಕಕ್ಕೇ ಸುರಿಯುವುದು ಕಳಸಕ್ಕೆ ಚಿನ್ನ ಲೇಪಿಸಿ ಗೋಡೆಯನ್ನು ಮಣ್ಣಿನಲ್ಲಿ ಬಿಟ್ಟಂತೆ. ಮೈಕು ಹಿಡಿಯದ ದನಿಯನ್ನು ಯಾವ ಮಿಶ್ರಕವೂ ಸೃಷ್ಟಿಸಲಾರದು. 1966ರಲ್ಲಿ ಬಂದ ಶೂರ್ ಎಸ್‌ಎಂ58ರಂಥ ಗಟ್ಟಿಮುಟ್ಟಾದ ಡೈನಮಿಕ್ ಮೈಕುಗಳು ಮಕ್ಕಳ ಕೈಯಲ್ಲಿಯೂ ಬಾಳುತ್ತವೆ. ಕೊಳಲು, ತಂಬೂರಿಗಳ ನಯಕ್ಕೆ ಕಂಡೆನ್ಸರ್ ಮೈಕು ಉತ್ತಮ. ಆದರೆ ಅದಕ್ಕೆ ಮಿಶ್ರಕದಿಂದ 48 ವೋಲ್ಟುಗಳ ಪೂರೈಕೆ ಬೇಕು, ಆ ಸೌಲಭ್ಯ ಯಂತ್ರದಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವಿಮಾನಗಳೂ ಲಾರಿಗಳೂ ಗುಡುಗುವ ಕೋಗಿಲಿನಂಥ ಊರಿನಲ್ಲಿ ಮೈಕನ್ನು ಬಾಯಿಗೆ, ವಾದ್ಯಕ್ಕೆ ಹತ್ತಿರವಿಡುವುದೇ ದೊಡ್ಡ ಮದ್ದು. ದೂರವಿಟ್ಟ ಮೈಕು ಹಾಡಿನ ಜೊತೆಗೆ ಹೆದ್ದಾರಿಯನ್ನೂ ಮುದ್ರಿಸುತ್ತದೆ. ತಂತಿಗಳು ಮೂರು ಮುಳ್ಳಿನ ಎಕ್ಸ್‌ಎಲ್‌ಆರ್ ಬಗೆಯವಾಗಿರಬೇಕು. ಆಗ ಅವು ದಾರಿಯಲ್ಲಿ ಸೇರುವ ಹೊರಗಿನ ಕಲಬೆರಕೆಯನ್ನು ತಾವೇ ಕಳೆಯುತ್ತವೆ. ವಿದ್ಯುತ್ತಿನ 50 ಆವರ್ತದ ಗುಂಯ್‌ಗುಡುವಿಕೆ ಅನೇಕ ಸಭಾಂಗಣಗಳ ಶಾಪ. ಮಿಶ್ರಕ, ವರ್ಧಕಗಳೆರಡನ್ನೂ ಒಂದೇ ಭೂಸಂಪರ್ಕಕ್ಕೆ ಸೇರಿಸಿ, ದೀಪಗಳ ತಂತಿಯಿಂದ ದೂರವಿಟ್ಟರೆ ಬಹುಮಟ್ಟಿಗೆ ಶಮನವಾಗುತ್ತದೆ. ಗುಂಯ್‌ಗುಡುವುದನ್ನು ನಿಲ್ಲಿಸಲೆಂದು ಪ್ಲಗ್ಗಿನ ಭೂಸಂಪರ್ಕದ ಮುಳ್ಳನ್ನು ಕೀಳುವ ಕೆಟ್ಟ ಚಾಳಿ ಕೆಲವರಲ್ಲಿದೆ. ಅದು ಮೈಕು ಹಿಡಿದ ಮಗುವಿನ ಪ್ರಾಣಕ್ಕೇ ಸಂಚಕಾರ. ಎಂದಿಗೂ ಕೂಡದು.

ಯಂತ್ರಕ್ಕಿಂತ ದುರ್ಲಭವಾದುದು ಯೋಜಕ. ಸಾಧನ ಬಂದ ದಿನ ಹೂಮಾಲೆ, ಫಲಕ, ಛಾಯಾಚಿತ್ರ. ಮರುವರ್ಷ ಬೀರುವಿನಲ್ಲಿ ಧೂಳು. ಹೀಗಾಗಬಾರದೆಂದರೆ ಇಬ್ಬರು ಅಧ್ಯಾಪಕರಿಗೆ ಇದರ ಹೊಣೆ ವಹಿಸಿ, ಆಸಕ್ತ ವಿದ್ಯಾರ್ಥಿಗಳ ಚಿಕ್ಕ ಬಳಗವೊಂದನ್ನು ಕಟ್ಟಬೇಕು. ಹತ್ತನೆಯ ತರಗತಿಯವರು ಹೊರಡುವ ಮೊದಲು ಒಂಬತ್ತನೆಯವರಿಗೆ ಕಲಿಸಿಹೋಗುವ ಸಂಪ್ರದಾಯ ಬೆಳೆಯಬೇಕು. ಮುದ್ರಣವಾದ ಕಡತಗಳು ಬಹು ಗಾತ್ರದವು. 24 ಬಿಟ್, 48 ಕಿಲೋಹರ್ಟ್ಸ್ ಕ್ರಮದಲ್ಲಿ ಹದಿನಾರು ಪಥಗಳು ಒಂದು ಗಂಟೆಗೆ ಸುಮಾರು 8.3 ಗಿಗಾಬೈಟ್ ಜಾಗ ಹಿಡಿಯುತ್ತವೆ. ಮೂರು ಗಂಟೆಗಳ ಉತ್ಸವಕ್ಕೆ 25 ಗಿಗಾಬೈಟ್. ಅವನ್ನು ದಿನಾಂಕ, ಕಾರ್ಯಕ್ರಮ, ಹಾಡಿದವರ ಹೆಸರುಗಳೊಂದಿಗೆ ಎರಡು ಪ್ರತಿಗಳಾಗಿ ಎರಡು ಬೇರೆ ಸ್ಥಳಗಳಲ್ಲಿರಿಸಬೇಕು. ಮುದ್ರಿಸಿಕೊಳ್ಳುವ ಮುನ್ನ ಕಲಾವಿದರ, ಮಕ್ಕಳ ಹೆತ್ತವರ ಒಪ್ಪಿಗೆ ಪಡೆಯುವುದು ಸಭ್ಯತೆ. ಹೆಸರಿಲ್ಲದ ಕಡತ ಶಿರೋನಾಮೆಯಿಲ್ಲದ ಓಲೆಗರಿಯಂತೆ, ಇದ್ದೂ ಇಲ್ಲದ್ದು.

ಸದ್ದಿನ ಮಿತಿಯನ್ನೂ ಮರೆಯಬಾರದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು ವಿಧಿಸಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಒಳ್ಳೆಯ ಮಿಶ್ರಕದ ಪ್ರಯೋಜನ ಹೆಚ್ಚು ಗಟ್ಟಿಯಾಗಿ ಕೇಳಿಸುವುದರಲ್ಲಿಲ್ಲ. ಕಡಿಮೆ ಸದ್ದಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸುವುದರಲ್ಲಿದೆ. ವಚನದ ಅರ್ಥ ಅದರ ಅಕ್ಷರಗಳಲ್ಲಿದೆ. ಅಕ್ಷರ ಕೇಳದಿದ್ದರೆ ಅಬ್ಬರವಷ್ಟೇ ಉಳಿಯುತ್ತದೆ.

ಇಷ್ಟೆಲ್ಲ ಏತಕ್ಕೆ ಎಂದು ಒಬ್ಬ ದಾನಿ ಕೇಳಬಹುದು. ಅನೇಕ ಶಾಲೆಗಳಲ್ಲಿ ನಡೆಯುವ ಪ್ರಸಂಗವೊಂದು ಅದಕ್ಕೆ ಉತ್ತರ. ಮೂವತ್ತು ವರ್ಷ ಪ್ರಾರ್ಥನೆ ಹೇಳಿಕೊಟ್ಟ ಸಂಗೀತದ ಮೇಷ್ಟರು ನಿವೃತ್ತರಾಗುತ್ತಾರೆ; ಕೆಲವು ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ಶ್ರದ್ಧಾಂಜಲಿಯ ಸಭೆಯಲ್ಲಿ ಅವರ ದನಿಯನ್ನೊಮ್ಮೆ ಕೇಳಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಹುಡುಕುತ್ತಾರೆ. ದೊರೆಯುವುದು ಯಾವುದೋ ಉತ್ಸವದ ಒಂದು ಮುದ್ರಣ. ಅದರಲ್ಲಿ ಹಾರ್ಮೋನಿಯಂ ಇದೆ, ಚಪ್ಪಾಳೆಯಿದೆ, ಕೀರಲು ಕೂಗಿದೆ. ಮೇಷ್ಟರ ಕಂಠ ಮಾತ್ರ ಎಲ್ಲದರ ಕೆಳಗೆ ನೆರಳಿನಂತಿದೆ. ಅವರ ಮುಂದೆಯೇ ಮೈಕಿತ್ತು, ಆ ಕಂಠ ತಂತಿಯಲ್ಲಿ ಶುದ್ಧವಾಗಿ ಹರಿದುಬಂದಿತ್ತು. ಕೂಡುವ ಮೊದಲು ಒಂದು ಬೊಗಸೆಯನ್ನು ತೆಗೆದಿರಿಸಿದ್ದರೆ ಇಂದು ಅವರು ಸಭೆಯಲ್ಲಿ ಹಾಡುತ್ತಿದ್ದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಕಿವಿಯಿಂದ ಕಿವಿಗೆ ವಿದ್ಯೆಯನ್ನು ದಾಟಿಸಿದರು. ಆ ಪರಂಪರೆಗೆ ಯಂತ್ರದ ಅಗತ್ಯವಿರಲಿಲ್ಲ; ಗುರುವೇ ಅಲ್ಲಿ ಕಂಠ, ಶಿಷ್ಯನೇ ಅಲ್ಲಿ ಮುದ್ರಣ. ಅಂಥ ಗುರುಶಿಷ್ಯರು ಎಲ್ಲೆಡೆಯೂ ದೊರೆಯಲಾರರು. ದೊರೆಯದ ಕಡೆ ಕನಿಷ್ಠಪಕ್ಷ ಒಂದೊಂದು ದನಿಯನ್ನೂ ಅದರದೇ ಹೆಸರಿನಲ್ಲಿ ಉಳಿಸುವ ಯಂತ್ರವಾದರೂ ಇರಲಿ. ಕೊಡುವ ಮಹನೀಯರು ಫಲಕದ ಅಳತೆಯನ್ನು ಕೇಳುವ ಮೊದಲು ಪಥಗಳ ಸಂಖ್ಯೆಯನ್ನು ಕೇಳಲಿ. ಕೊಳ್ಳುವ ಸಮಿತಿ ಗುಂಡಿಗಳನ್ನು ಎಣಿಸುವ ಮೊದಲು ಹಾಡುವವರನ್ನು ಎಣಿಸಲಿ. ಹೊಣೆ ಹೊತ್ತ ಅಧ್ಯಾಪಕರು ತಾವು ಕಲಿತುದನ್ನು ಮುಂದಿನ ವರ್ಷದ ಮಕ್ಕಳಿಗೆ ಒಪ್ಪಿಸಲಿ. ಹಾಗೆ ನಡೆದರೆ ಇಂದು ಹಾಡಿದ ಮಗು ಮುಂದೊಮ್ಮೆ ತನ್ನ ಮಕ್ಕಳ ಕೈಹಿಡಿದು ಅದೇ ಸಭಾಂಗಣಕ್ಕೆ ಬಂದಾಗ, ತನ್ನ ಎಳೆಯ ದನಿಯನ್ನೂ ಅದನ್ನು ತಿದ್ದಿದ ಗುರುವಿನ ದನಿಯನ್ನೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕೇಳಬಹುದು.